ಕಡೆಗೋಲಿನ ವೇಗ

ಅಪ್ಪನ ತಂಗಿ, ನಮ್ಮತ್ತೆಯ ಬಟ್ಟೆಗಳನ್ನು ಮನೆಯ ಬೇರೆ ಯಾರ ಬಟ್ಟೆಯ ಜೊತೆಗೂ ನೆನೆಸುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗೊತ್ತಿಲ್ಲದೆ ಒಮ್ಮೆ ನೆನೆಸಿ, ಮಾವನ ಬಿಳಿ ಅಂಗಿಗಳೆಲ್ಲ ಹಣ್ಣೆಲೆಯ ಬಣ್ಣಕ್ಕೆ ತಿರುಗಿದ್ದವಂತೆ. ಮಾವ ಅವನ್ನು ಎಸೆಯಲಿಲ್ಲ. ಅದೇ ಅಂಗಿ ತೊಟ್ಟು ತಮ್ಮ ಕನ್ನಡಕದ ಅಂಗಡಿಯಲ್ಲಿ ಕೂತು, ಕೇಳಿದವರಿಗೆಲ್ಲ "ಇದು ನನ್ನ ಹೆಂಡತಿಯ ಸಂಶೋಧನೆ, ಎಷ್ಟು ಒಗೆದರೂ ಹೋಗಲ್ಲ" ಎಂದು ತೋಳು ಚಾಚಿ ತೋರಿಸುತ್ತಿದ್ದರು.

ಅತ್ತೆಯ ಕೆಲಸ ಕಬ್ಬಿಣದ ಜೊತೆ. ಬಡಿಯುವ, ಬೆಸೆಯುವ ಕಬ್ಬಿಣವಲ್ಲ, ನೀರಿನಲ್ಲಿ ಕರಗಿದ ಕಬ್ಬಿಣ. ಆ ನೀರು ಬಟ್ಟೆಯ ಮೇಲೆ ಚಿಮ್ಮಿದಾಗ ಅಷ್ಟಾಗಿ ಕಾಣುವುದಿಲ್ಲ, ಒಣಗಿದ ಮೇಲೆ ಕಲೆಯಾಗಿ ಏಳುತ್ತದೆ. ಅವಳ ಉಗುರಿನ ಅಂಚಿನಲ್ಲಿ, ಅಂಗೈಯ ಗೆರೆಗಳಲ್ಲಿ ಯಾವಾಗಲೂ ತೆಳುವಾದ ಕಂದು ಉಳಿದಿರುತ್ತಿತ್ತು. ಮಕ್ಕಳಾಗಿದ್ದಾಗ ನಾವು ಅವಳಿಗೆ ತುಕ್ಕತ್ತೆ ಎಂದು ಹೆಸರಿಟ್ಟೆವು. ಅಮ್ಮ ಗದರಿದಳು. ಅತ್ತೆ ಮಾತ್ರ, "ಕರೀಲಿ ಬಿಡಿ ಅತ್ತಿಗೆ, ಇರೋದನ್ನೇ ತಾನೆ ಹೇಳ್ತಿರೋದು" ಅಂದಳು. ಹೆಸರು ನಿಂತಿತು.

ಊರಿನ ಕಸವೆಲ್ಲ ಹೋಗಿ ಬೀಳುವ ಗುಡ್ಡದ ಹಿಂಬದಿಗೆ ಒಂದು ತಗ್ಗು ಕಟ್ಟಡವಿದೆ. ಅದೇ ಅವಳ ಪ್ರಯೋಗಾಲಯ. ಕಸ ಕೊಳೆತಾಗ ಹುಟ್ಟುವ ಅನಿಲವನ್ನು ಕೊಳವೆಗಳಲ್ಲಿ ಹಿಡಿದು ತಂದು, ಕಾಯಿಸಿ, ಮುರಿದು, ಅದರಿಂದ ಇಂಗಾಲದ ಮಾನಾಕ್ಸೈಡು ಮತ್ತು ಜಲಜನಕವನ್ನು ಮಾಡುತ್ತಾರೆ. ಈ ಎರಡನ್ನೂ ಬಿಸಿಯಾದ ಕಬ್ಬಿಣದ ಪುಡಿಯ ಮೇಲೆ ಹಾಯಿಸಿದರೆ ಅವು ಒಂದಕ್ಕೊಂದು ಹೆಣೆದುಕೊಂಡು ಸರಪಳಿಯಾಗುತ್ತವೆ. ಗಿಡ್ಡ ಸರಪಳಿಯಾದರೆ ಎಣ್ಣೆ, ಉದ್ದವಾದರೆ ಮೇಣ. ಆ ಎಣ್ಣೆಯಲ್ಲಿ ಬಸ್ಸು ಓಡುತ್ತದೆ. ಜೋಡಿಸಿಕೊಟ್ಟ ಕಬ್ಬಿಣ ಮಾತ್ರ ತಾನು ಖರ್ಚಾಗದೆ ಅಲ್ಲೇ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿ ಇಂಥದ್ದಕ್ಕೆ ವೇಗವರ್ಧಕ ಎನ್ನುತ್ತಾರೆ. ಅತ್ತೆ ಬರೀ 'ಪುಡಿ' ಎನ್ನುತ್ತಿದ್ದಳು.

"ಅಂದ್ರೆ ಮದುವೆ ದಲ್ಲಾಳಿ ಇದ್ದ ಹಾಗೆ," ಎಂದು ಮಾವ ನಮಗೆ ಬಿಡಿಸಿ ಹೇಳುತ್ತಿದ್ದರು. "ಗಂಡು ಹೆಣ್ಣು ಕೂಡಿಸ್ತಾನೆ, ಊಟ ಮುಗಿಸ್ಕೊಂಡು ಮುಂದಿನ ಮನೆಗೆ ಹೊರಡ್ತಾನೆ."

"ಎಲ್ಲಿ ಹೊರಡ್ತಾನೆ? ಊಟದ ಮನೆಯಲ್ಲೇ ಪುಡಿಪುಡಿ ಆಗಿಬಿಡ್ತಾನೆ. ಅದೇ ನನ್ನ ಕಷ್ಟ," ಎನ್ನುತ್ತಿದ್ದಳು ಅತ್ತೆ.

ಅವಳ ಜೀವಮಾನದ ಕೆಲಸ ಆ ಒಂದು ಮಾತಿನಲ್ಲಿತ್ತು. ಕಬ್ಬಿಣ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಕಸದ ಅನಿಲದ ಅಂಕುಡೊಂಕನ್ನು ಸಹಿಸುತ್ತದೆ. ಆದರೆ ಬಾಳಿಕೆ ಇಲ್ಲ. ಅದರ ಹರಳುಗಳು ಒಡೆದು ಧೂಳಾಗುತ್ತವೆ. ಒಡೆಯದ ಕಬ್ಬಿಣದ ಪುಡಿಯನ್ನು ಮಾಡುವುದೇ ಅವಳು ಹೊತ್ತುಕೊಂಡ ಕೆಲಸ.

ಪ್ರಯೋಗಾಲಯದ ಮೂಲೆಯಲ್ಲಿ ಎದೆಮಟ್ಟದ ಉಕ್ಕಿನ ಪಾತ್ರೆಯೊಂದಿತ್ತು. ಅದರ ನಿಜವಾದ ಹೆಸರು ಉದ್ದ. ಎಲ್ಲರೂ ಹಂಡೆ ಎನ್ನುತ್ತಿದ್ದರು. ಒಳಗೆ ಕರಗಿದ ಮೇಣ, ಮೇಣದಲ್ಲಿ ಅತ್ತೆಯ ಪುಡಿ, ಕೆಳಗಿನಿಂದ ಗುಳ್ಳೆಯಾಗಿ ಏಳುವ ಅನಿಲ, ಇವೆಲ್ಲದರ ನಡುವೆ ಸದಾ ತಿರುಗುವ ಒಂದು ಉಕ್ಕಿನ ಕಡೆಗೋಲು. ಹಂಡೆಯಿಂದ ಜಾಲರಿಯ ಮೂಲಕ ಸೋಸಿ ಬರುವ ಮೇಣವನ್ನು ಪ್ರತಿ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಹಿಡಿದು ಕಿಟಕಿಯ ಕೆಳಗೆ ಆರಲು ಇಡುತ್ತಿದ್ದರು. ಹರಳುಗಳು ಇಡಿಯಾಗಿದ್ದರೆ ಮೇಣ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಒಡೆಯತೊಡಗಿದರೆ ಧೂಳು ಜಾಲರಿಯನ್ನು ದಾಟಿಬಂದು ಮೇಣಕ್ಕೆ ಬೂದಿ ಬಣ್ಣ ಬರುತ್ತದೆ, ಕೊನೆಗೆ ಕಪ್ಪು. ಕಪ್ಪಾಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಜಾಲರಿ ಕಟ್ಟಿಕೊಂಡು ಹಂಡೆ ನಿಲ್ಲುತ್ತದೆ. ಮತ್ತೆ ಮೊದಲಿನಿಂದ.

ಸಂಜೆ ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾವ ಮನೆಯ ಮುಂಭಾಗದ ಅಂಗಡಿಯಿಂದಲೇ ಕೂಗುತ್ತಿದ್ದರು: "ಏನು ಬಣ್ಣ?"

"ಬೂದಿ."

ಅಷ್ಟೇ. ಮಾವ ಎದ್ದುಹೋಗಿ ಚಹಾಕ್ಕೆ ನೀರಿಡುತ್ತಿದ್ದರು. ಬೆಳ್ಳಗಿದ್ದ ದಿನ ಅವಳೇ ಇಡುತ್ತಿದ್ದಳು. ಆ ಮನೆಯಲ್ಲಿ ಒಲೆಯ ಮುಂದೆ ಯಾರು ನಿಂತಿದ್ದಾರೆ ಎಂದು ನೋಡಿದರೆ ಹಂಡೆಯ ಸಮಾಚಾರ ತಿಳಿಯುತ್ತಿತ್ತು.

ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಕೋಬಾಲ್ಟಿನವರಿದ್ದರು. ಕೋಬಾಲ್ಟ್ ಎಂಬ ಲೋಹವೂ ಇದೇ ಕೆಲಸ ಮಾಡುತ್ತದೆ. ಬಾಳಿಕೆ ಹೆಚ್ಚು, ಆದರೆ ಅಪರೂಪದ್ದು, ತುಂಬಾ ಶುದ್ಧವಾದ ಅನಿಲವನ್ನೇ ಕೇಳುತ್ತದೆ. "ನಿಮ್ಮದು ಬಿಸ್ಕತ್ತು ಮೇಡಂ, ಅದ್ದಿದ ತಕ್ಷಣ ಲೋಟದ ತಳ ಸೇರುತ್ತೆ," ಎಂದು ಅವರು ಛೇಡಿಸಿದರೆ ಅತ್ತೆ, "ನಿಮ್ಮದು ಬೆಳ್ಳಿ ಚಮಚ. ಚಹಾ ಎಲ್ಲಿದೆ ಅಂತ ಕೇಳ್ಬೇಡಿ ಅಷ್ಟೆ," ಎಂದು ನಗುತ್ತಿದ್ದಳು. ಕೆಲಸದ ಜಾಗದಲ್ಲಿ ಅವಳ ದನಿ ಏರಿದ್ದನ್ನು ಯಾರೂ ಕೇಳಿಲ್ಲ.

ಪುಡಿ ಮಾಡುವುದನ್ನು ನಾನು ಒಮ್ಮೆ ನೋಡಿದ್ದೇನೆ. ಬೆಚ್ಚಗಿನ ಕಬ್ಬಿಣದ ನೀರಿಗೆ ಅವಳು ಒಗೆಯುವ ಸೋಡಾದ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ತಿಳಿಯಾಗಿದ್ದದ್ದು ಒಮ್ಮೆಲೇ ಕದಡಿ, ಹೊಸ ಮಳೆಗೆ ಬಂದ ಕಾಲುವೆಯ ನೀರಿನಂತೆ ಕೆಂಪು ಕೆಸರು ತಳಕ್ಕಿಳಿಯಿತು. ಆ ಕೆಸರನ್ನು ತೊಳೆಯಬೇಕು, ಮತ್ತೆ ತೊಳೆಯಬೇಕು, ಉಪ್ಪೆಲ್ಲ ಹೋಗುವ ತನಕ. ಆಮೇಲೆ ಚಿಟಿಕೆ ತಾಮ್ರ, ಚಿಟಿಕೆ ಪೊಟ್ಯಾಷು, ಹರಳುಗಳನ್ನು ಹಿಡಿದಿಡಲು ಅಂಟಿನಂಥ ಸಿಲಿಕಾ. ಅಂಟು ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಕಬ್ಬಿಣಕ್ಕೆ ಉಸಿರಾಡಲು ಜಾಗವಿರುವುದಿಲ್ಲ. ಒಣಗಿಸಿ, ಜರಡಿ ಹಿಡಿದು, ಸುಟ್ಟಾಗ ಸಿಗುವುದು ಒಂದು ಡಬ್ಬಿ ಪುಡಿ. "ಇಷ್ಟಕ್ಕೆ ಇಷ್ಟು ಒದ್ದಾಟವಾ?" ಎಂದು ಕೇಳಿದ್ದೆ. "ನೀನು ಹುಟ್ಟಿದಾಗಲೂ ಇಷ್ಟೇ ಇದ್ದೆ," ಅಂದಳು.

ಹಂಡೆ ನಡೆಸುತ್ತಿದ್ದವರು ಮೀಸೆಯಣ್ಣ. ಅವರು ಮೀಸೆ ಬೋಳಿಸಿ ಯಾವುದೋ ಕಾಲವಾಗಿತ್ತು. ಹೆಸರು ಮಾತ್ರ ಮುಖ ಬಿಟ್ಟು ಹೋಗಿರಲಿಲ್ಲ. ಮೊದಲು ಹಾಲಿನ ಡೈರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಯಂತ್ರಗಳೊಡನೆ ಮಾತಾಡುವುದು ಅಲ್ಲಿಂದ ಬಂದ ಅಭ್ಯಾಸ. ಪಂಪು ಸದ್ದು ಮಾಡಿದರೆ "ಯಾಕಪ್ಪಾ, ನೆಗಡಿನಾ?" ಎನ್ನುವರು. ಹಂಡೆಯ ಮೈ ಒರೆಸುವಾಗ "ಬೆನ್ನು ಈ ಕಡೆ ತಿರುಗಿಸಮ್ಮಾ," ಎಂದು ಹಂಡೆಗೇ ಹೇಳಿ, ತಾವೇ ಸುತ್ತಿ ಆ ಕಡೆ ಹೋಗುವರು. ಅವರ ಕೈಯಲ್ಲಿ ಯಾವ ಯಂತ್ರವೂ ಕೆಟ್ಟು ಕೂತದ್ದಿಲ್ಲ. ಅತ್ತೆಗಿಂತ ಚಿಕ್ಕವರು. ಜನರೆದುರು ಮೇಡಂ, ಉಳಿದಂತೆ ಅಕ್ಕ.

ಅತ್ತೆಯ ನಿವೃತ್ತಿ ಹತ್ತಿರ ಬಂದ ವರ್ಷ ಕಸದ ಗುಡ್ಡದ ಆಚೆ ಒಂದು ಗೋಪುರ ಎದ್ದಿತು. ಊರಿನ ಬಸ್ಸುಗಳಿಗೆಲ್ಲ ಸಾಕಾಗುವಷ್ಟು ಎಣ್ಣೆ ಮಾಡುವ ದೊಡ್ಡ ಹಂಡೆ ಅದು. ಅದರೊಳಗೆ ಯಾವ ಪುಡಿ ಹಾಕಬೇಕು ಎಂಬುದು ತೀರ್ಮಾನವಾಗಬೇಕಿತ್ತು. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರು ಅತ್ತೆಯನ್ನು ಕರೆದು ನೇರವಾಗಿಯೇ ಹೇಳಿದರು: ಕೊನೆಯ ಬಾರಿ ನಿಮ್ಮ ಪುಡಿಯನ್ನು ಹಂಡೆಗೆ ಹಾಕಿ. ಮಳೆಗಾಲ ಮುಗಿಯುವ ತನಕ ಮೇಣ ಬೆಳ್ಳಗಿದ್ದರೆ ಗೋಪುರಕ್ಕೆ ಅದೇ. ಇಲ್ಲದಿದ್ದರೆ ಕೋಬಾಲ್ಟ್. ನೀವು ಹೋದ ಮೇಲೆ ಕಬ್ಬಿಣದ ಕೆಲಸ ಮುಂದುವರಿಸುವವರು ಇಲ್ಲಿ ಯಾರೂ ಇಲ್ಲ.

ಅತ್ತೆ ಮನೆಗೆ ಬಂದು ಮಾವನಿಗೆ ಹೇಳಿದ್ದು ಇಷ್ಟು: "ಒಂದು ಸಲ ಅದು ಆ ಗೋಪುರ ಹತ್ತಿದ್ರೆ ಸಾಕು. ಆಮೇಲೆ ನಾನು ಮನೇಲಿ ಕೂತು ನಿಮ್ಮ ತಲೆ ತಿಂತೀನಿ."

"ಹತ್ತದಿದ್ರೆ?"

"ಆಗ್ಲೂ ತಿಂತೀನಿ. ಆದ್ರೆ ರುಚಿ ಇರಲ್ಲ."

ಹಂಡೆ ಶುರುವಾಯಿತು. ಬೆಳ್ಳಗೆ. ಮರುದಿನವೂ ಬೆಳ್ಳಗೆ. ಮಳೆ ಹಿಡಿಯಿತು, ಮಳೆ ಬಿಟ್ಟಿತು. ಕಿಟಕಿಯ ಕೆಳಗೆ ಸಾಲಾಗಿ ಇಟ್ಟ ತಟ್ಟೆಗಳಲ್ಲಿ ಮೇಣ ಬೆಳ್ಳಗೇ ಇತ್ತು. ಒಂದೊಂದು ದಿನ ಮಾತ್ರ ಅಂಚಿನಲ್ಲಿ ಒಂದಿಷ್ಟು ಮಸುಕು ಕಾಣಿಸಿ, ಮರುದಿನಕ್ಕೆ ತಾನೇ ಹೋಗುತ್ತಿತ್ತು. ಕೋಬಾಲ್ಟಿನವರು ಬಂದು ನೋಡಿಹೋದರು, ಛೇಡಿಸಲಿಲ್ಲ. ಸಂಜೆಯ ಚಹಾಕ್ಕೆ ದಿನವೂ ಅತ್ತೆಯೇ ನೀರಿಡುತ್ತಿದ್ದಳು. ಒಮ್ಮೆ ಅವಳು ಹಾಡು ಗುನುಗುವುದನ್ನು ಕೇಳಿ ಮಾವ ಮಸೂರ ಉಜ್ಜುವ ಯಂತ್ರವನ್ನು ನಿಲ್ಲಿಸಿ, ಸುಮ್ಮನೆ ಕೂತುಬಿಟ್ಟರು. ಗಿರಾಕಿ ಏನೋ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟರು.

ಕೊನೆಗೊಂದು ದಿನ ಹಂಡೆ ನಿಲ್ಲಿಸಿದರು. ದೊಡ್ಡವರು ಎಲ್ಲರೆದುರು ಅತ್ತೆಯ ಕೈ ಕುಲುಕಿದರು. ಆ ಭಾನುವಾರ ಮೀಸೆಯಣ್ಣ ಹೆಂಡತಿಯ ಜೊತೆ ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಅತ್ತೆಯ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಅಂಗಡಿಯ ಹಿಂದಿನ ಆ ಚಿಕ್ಕ ಕೋಣೆಯಲ್ಲಿ ಇದ್ದ ಕುರ್ಚಿಗಳು ಸಾಲದೆ, ಮಾವ ಕಣ್ಣು ಪರೀಕ್ಷೆಯ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು.

"ಅಕ್ಕಾ, ಈಗ ಹೇಳ್ತೀನಿ ಕೇಳಿ," ಎಂದು ಮೀಸೆಯಣ್ಣ ಲೋಟ ಕೆಳಗಿಟ್ಟರು. "ನಿಮ್ಮ ಪುಡೀನ ನನ್ನ ಮಗೂ ಥರ ನೋಡ್ಕೊಂಡೆ. ಮೇಣ ಒಂಚೂರು ಮಸುಕಾಗೋ ಹಾಗೆ ಕಂಡ್ರೆ ಸಾಕು, ಕಡೆಗೋಲು ಮೆಲ್ಲಗೆ ಮಾಡ್ತಿದ್ದೆ. ಪಾಪ, ಎಷ್ಟು ಅಂತ ಏಟು ತಿನ್ನುತ್ತೆ? ಸುಧಾರಿಸ್ಕೊಳ್ಳಲಿ ಅಂತ. ಬಿಳೀ ಆದ್ಮೇಲೆ ಮತ್ತೆ ಜಾಗಕ್ಕೆ ತಂದಿಡ್ತಿದ್ದೆ."

ಅವರ ಹೆಂಡತಿ ನಕ್ಕರು. "ಮನೇಲಿ ಮಿಕ್ಸಿ ಜೋರಾಗಿ ತಿರುಗಿದ್ರೂ ಹೀಗೇ ಪಾಪ ಅಂತಾರೆ. ಚಟ್ನಿ ಯಾವತ್ತೂ ನುಣ್ಣಗಾಗಿಲ್ಲ ನಮ್ಮನೇಲಿ."

ಮಾವ ಜೋರಾಗಿ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಹಣ್ಣಿನ ತಟ್ಟೆಯನ್ನು ಮೇಜಿನ ಮೇಲೆ ಬಹಳ ನಿಧಾನವಾಗಿ ಇಟ್ಟಳು.

"ನೀವು ಒಬ್ರೇನಾ?" ಎಂದು ಕೇಳಿದಳು. "ನಿಮ್ಮ ಪಾಳಿಯಲ್ಲಿ ಮಾತ್ರಾನಾ?"

"ಅಯ್ಯೋ ಇಲ್ಲ! ಉಳಿದ ಪಾಳಿಯ ಇಬ್ರಿಗೂ ಹೇಳಿಕೊಟ್ಟಿದ್ದೆ," ಅಂದರು ಮೀಸೆಯಣ್ಣ ಹೆಮ್ಮೆಯಿಂದ.

"ತುಂಬಾ ಚೆನ್ನಾಗಿ ನೋಡ್ಕೊಂಡಿದೀರಿ," ಅಂದಳು ಅತ್ತೆ. ಆಮೇಲೆ ಬೇರೆ ಮಾತಾಯಿತು. ಅವರು ಹೊರಟಾಗ ಬೀದಿಯ ತಿರುವಿನ ತನಕ ಹೋಗಿ ಬೀಳ್ಕೊಟ್ಟು ಬಂದಳು. ಬಂದವಳು ಒಳಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು.

"ಏನಾಯ್ತೇ?" ಎಂದರು ಮಾವ.

"ಅದು ಬಾಳಿಕೆ ಬಂದಿಲ್ಲ. ಅದನ್ನ ಬಾಳಿಸಿದ್ದಾರೆ."

ಆಗ ನಮಗೆ ಬಿಡಿಸಿ ಹೇಳಿದಳು. ಗೋಪುರದಲ್ಲಿ ಕಡೆಗೋಲೇ ಇಲ್ಲ. ಅಲ್ಲಿ ಅನಿಲವೇ ಕೆಳಗಿನಿಂದ ನುಗ್ಗಿ ಪುಡಿಯನ್ನು ಮೇಲಕ್ಕೆಸೆಯುತ್ತದೆ, ಕೆಳಕ್ಕೆ ಬೀಳಿಸುತ್ತದೆ, ಗೋಡೆಗೆ ಬಡಿಯುತ್ತದೆ. ಅಷ್ಟು ಏಟು ಇಲ್ಲೂ ಬೀಳಲಿ ಎಂದೇ ಹಂಡೆಯ ಕಡೆಗೋಲಿಗೆ ಅಷ್ಟು ವೇಗ ಇಟ್ಟಿರುವುದು. ಗೋಪುರದಲ್ಲಿ ಅನಿಲವನ್ನು ತಗ್ಗಿಸಿದರೆ ಪುಡಿಯೆಲ್ಲ ತಳಕ್ಕೆ ಕೂತು ಗಟ್ಟಿಯಾಗಿಬಿಡುತ್ತದೆ. ಅಲ್ಲಿ ಯಾರೂ ಪಾಪ ಅನ್ನುವಂತಿಲ್ಲ.

"ಹೇಳಲೇಬೇಕಾ?" ಎಂದು ಮಾವ ಮೆತ್ತಗೆ ಕೇಳಿದರು. "ಕೈ ಕುಲುಕಿ ಆಗಿದೆ."

ಅತ್ತೆ ಖಾಲಿ ಲೋಟಗಳನ್ನು ಒಂದೊಂದಾಗಿ ಎತ್ತತೊಡಗಿದಳು. ಮಾವ ಎದ್ದುಹೋಗಿ ಚಹಾಕ್ಕೆ ನೀರಿಟ್ಟರು.

ಸೋಮವಾರ ಅವಳು ದೊಡ್ಡವರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ದೊಡ್ಡವರಿಗೆ ಸಿಟ್ಟು ಬಂತು, ಅದರಲ್ಲಿ ಆಶ್ಚರ್ಯವಿಲ್ಲ. ಪುಡಿ ಗೆದ್ದಿತು ಎಂದು ಗೋಪುರದವರಿಗೆ ಆಗಲೇ ಸುದ್ದಿ ಹೋಗಿಯಾಗಿತ್ತು. "ಯಾರು ಹೇಳಿದ್ದು ಅವನಿಗೆ ಕೈ ಹಾಕೋಕೆ?" ಎಂದು ಕೂಗಾಡಿದರು.

"ಕೈ ಹಾಕಬಾರದು ಅಂತ ನಾನು ಹೇಳಿರಲಿಲ್ಲ," ಅಂದಳು ಅತ್ತೆ. "ಎಷ್ಟು ವೇಗ ಅಂತ ಮಾತ್ರ ಹೇಳಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಒಳ್ಳೇ ಕೆಲಸಗಾರ ಸರ್ ಅವರು. ಮಾಡಿದ್ದು ಒಳ್ಳೇ ಕೆಲಸಗಾರ ಮಾಡೋದನ್ನೇ. ಡಬ್ಬಿಯಲ್ಲಿ ಅದೇ ಪುಡಿ ಇನ್ನೂ ಇದೆ. ನನಗೆ ಹಂಡೆ ಮತ್ತೊಂದು ಸಲ ಕೊಡಿ. ನಾನು ಇರೋಷ್ಟು ದಿನ."

ದೊಡ್ಡವರು ಕಿಟಕಿಯಾಚೆ ಗೋಪುರದ ಕಡೆ ನೋಡಿದರು. ಆಮೇಲೆ ಕೊಟ್ಟರು.

ಆದರೆ ಮೀಸೆಯಣ್ಣ ಕೆಲಸಕ್ಕೆ ಬರಲಿಲ್ಲ. ಕೂಗಾಡಿದ ಮಾತು ಕಿವಿಯಿಂದ ಕಿವಿಗೆ ದಾಟಿ ಅವರ ಮನೆಯನ್ನು ತಲುಪಿತ್ತು. ಸಂಜೆ ಅತ್ತೆ ಅವರ ಮನೆಗೆ ಹೊರಟಳು. ದಾರಿಗೆ ಜೊತೆಯಿರಲಿ ಎಂದು ನನ್ನನ್ನೂ ಕರೆದಳು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ಬಕೆಟ್ಟು. ಮೀಸೆಯಣ್ಣ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕೂತು ಹಳೆಯ ಫ್ಯಾನೊಂದನ್ನು ಬಿಚ್ಚಿಕೊಂಡಿದ್ದರು.

"ನೋಡಿ ಮೇಡಂ, ಆ ಫ್ಯಾನು ಸರಿಯಾಗೇ ಇತ್ತು," ಎಂದು ಅವರ ಹೆಂಡತಿ ಪಿಸುಗುಟ್ಟಿದರು. "ಬೆಳಗಿಂದ ಇದು ಮೂರನೇ ಸಾಮಾನು. ಇನ್ನು ನನ್ನನ್ನೇ ಬಿಚ್ಚಿಡ್ತಾರೇನೋ."

ಅತ್ತೆ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಅವರು ತಲೆ ಎತ್ತಲಿಲ್ಲ.

"ನನ್ನಿಂದ ನಿಮ್ಮ ಹೆಸರು ಹಾಳಾಯ್ತು ಅಕ್ಕಾ."

"ನನ್ನ ಹೆಸರಿಗೆ ಆಗ್ಲೇ ತುಕ್ಕು ಹಿಡಿದಿದೆ. ಹೊಸದಾಗಿ ಏನಾಗುತ್ತೆ?"

ಮೀಸೆಯಣ್ಣನಿಗೆ ನಗು ಬರಲಿಲ್ಲ. "ಡೈರಿಯಲ್ಲಿ ಹಿರಿಯರು ನನಗೆ ಇದೇ ಹೇಳಿಕೊಟ್ಟಿದ್ದು ಅಕ್ಕಾ. ಯಂತ್ರ ಕೂಗೋ ಮೊದ್ಲೇ ಅದರ ಕಷ್ಟ ಗೊತ್ತಾಗ್ಬೇಕು, ಇಳಿಸ್ಬೇಕು. ಇದು ನಿಮ್ಮ ಕೊನೇ ಪುಡಿ ಅಂತ ಗೊತ್ತಿತ್ತು. ಅದು ಒಡೆದುಹೋದ್ರೆ ನೀವು ಹೇಗೆ ಮನೆಗೆ ಹೋಗ್ತೀರಿ ಅಂತ..." ಮಾತು ಅಲ್ಲಿಗೆ ನಿಂತಿತು. ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಸುಮ್ಮನೆ ತಿರುಗಿಸಿದರು.

ಅತ್ತೆ ಬಿಚ್ಚಿಟ್ಟ ರೆಕ್ಕೆಯೊಂದನ್ನು ಎತ್ತಿಕೊಂಡು ತನ್ನ ಬಟ್ಟೆಯ ಅಂಚಿನಿಂದ ಒರೆಸಿದಳು. ಆಮೇಲೆ ಗೋಪುರದ ವಿಷಯವನ್ನು, ಭಾನುವಾರ ನಮಗೆ ಹೇಳಿದ ಹಾಗೆಯೇ, ಅವರಿಗೂ ಹೇಳಿದಳು. ಅವರು ಪೂರ್ತಿ ಕೇಳಿ, "ಇದನ್ನ ಮೊದ್ಲೇ ಹೇಳೋದಲ್ವಾ," ಅಂದರು.

"ಹೇಳ್ಬೇಕಿತ್ತು. ನಾಳೆ ಬನ್ನಿ. ಕಡೆಗೋಲು ಪೂರ್ತಿ ವೇಗ. ಏನೇ ಆದ್ರೂ, ಯಾರ ಪಾಳಿಯಲ್ಲೂ ಇಳಿಸೋ ಹಾಗಿಲ್ಲ."

"ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ ಅಕ್ಕಾ. ನನ್ನ ಕೈ ಕೇಳಲ್ಲ."

"ಬೇರೆಯವರಿಗೆ ಅದರ ಕಷ್ಟ ಗೊತ್ತಾಗಲ್ಲ. ನನಗೆ ಗೊತ್ತಾಗೋರು ಬೇಕು. ಗೊತ್ತಾಗ್ಬೇಕು, ಆದ್ರೂ ಇಳಿಸ್ಬಾರ್ದು."

ಮರುದಿನ ಅವರು ಬಂದರು.

ಎರಡನೆಯ ಸಲದ ಹಂಡೆಯ ಸದ್ದೇ ಬೇರೆ ಇತ್ತಂತೆ. ಒಳಗೆ ಸಣ್ಣ ಆಲಿಕಲ್ಲು ಸುರಿದ ಹಾಗೆ. ಮೊದಲ ತಟ್ಟೆಗಳು ಬೆಳ್ಳಗೆ ಬಂದವು. ಆಮೇಲೆ ಮಸುಕು ಬಂತು, ಈ ಸಲ ಹೋಗಲಿಲ್ಲ. ದಿನದಿಂದ ದಿನಕ್ಕೆ ಬೂದಿ, ಮತ್ತೂ ಗಾಢವಾದ ಬೂದಿ. ಮನೆಯಲ್ಲಿ ಮಾವ ದಿನವೂ ಒಲೆಯ ಮುಂದೆ. "ಏನು ಬಣ್ಣ?" ಎಂದು ಕೇಳುವುದನ್ನು ಬಿಟ್ಟಿದ್ದರು.

ಪ್ರಯೋಗಾಲಯದಲ್ಲಿ ಮೀಸೆಯಣ್ಣ ಯಂತ್ರದೊಡನೆ ಮಾತಾಡುವುದನ್ನು ನಿಲ್ಲಿಸಿದರು. ವೇಗದ ಗುಂಡಿಯ ಹತ್ತಿರ ಹೋದರೆ ಕೈ ತಾನಾಗಿ ಏಳುತ್ತದೆಂದು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಅತ್ತೆ ಅವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು. ಅವಳು ಅಲ್ಲಿ ಮಾಡಬೇಕಾದ ಕೆಲಸವೇನೂ ಇರಲಿಲ್ಲ.

"ಅಕ್ಕಾ, ಅಳ್ತಾ ಇದೆ ಅದು."

"ಗೊತ್ತು."

"ನಿಮಗೂ ಕೇಳಿಸ್ತಾ ಇದೆಯಾ?"

"ಇಷ್ಟು ವರ್ಷ ಮತ್ತೇನು ಕೇಳಿಸ್ಕೊಂಡೆ ಅಂದ್ಕೊಂಡ್ರಿ?"

ಮೇಣ ಇದ್ದಿಲಿನ ಬಣ್ಣಕ್ಕೆ ಬಂದ ದಿನ ದೊಡ್ಡವರೇ ಇಳಿದುಬಂದರು. ತಟ್ಟೆ ನೋಡಿದರು. "ಸಾಕು ಮೇಡಂ. ಜಾಲರಿ ಕಟ್ಟಿಕೊಳ್ಳೋ ಮೊದ್ಲು ನಿಲ್ಸೋಣ. ನೀವು ಪ್ರಾಮಾಣಿಕವಾಗಿ ನಡ್ಕೊಂಡ್ರಿ, ಅದು ಎಲ್ರಿಗೂ ಗೊತ್ತಿದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

ಅತ್ತೆ ಎದ್ದು ನಿಂತಳು. "ಕಟ್ಟಿಕೊಂಡ್ರೆ ತಾನಾಗೇ ನಿಲ್ಲುತ್ತೆ ಸರ್. ಅದು ನಿಲ್ಲೋ ತನಕ ನಾವು ನಿಲ್ಸೋದು ಬೇಡ. ಇದಕ್ಕೂ ಪಾಪ ಅನ್ಬೇಡಿ, ನನಗೂ ಅನ್ಬೇಡಿ."

ಅವಳ ಬದುಕಿನಲ್ಲಿ ಅವಳು ಯಾರಿಗಾದರೂ ಎದುರಾಡಿದ್ದು ಅದೊಂದೇ ಇರಬೇಕು. ದೊಡ್ಡವರು ಮೆಟ್ಟಿಲು ಹತ್ತಿದರು. ಮೀಸೆಯಣ್ಣ ಜೇಬಿನಿಂದ ಕೈ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಜೇಬಿಗಿಟ್ಟುಕೊಂಡರು.

ಜಾಲರಿ ಕಟ್ಟಿಕೊಳ್ಳಲಿಲ್ಲ. ಮರುದಿನದ ಮೇಣ ಹಾಗೇ ಕಪ್ಪಗಿತ್ತು. ಅದರ ಮರುದಿನ ಕಪ್ಪು ಹೆಚ್ಚಾಗಿರಲಿಲ್ಲ. ಆಮೇಲಿನದನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನದರ ಪಕ್ಕ ಇಟ್ಟು, ಬಹಳ ಹೊತ್ತು ನೋಡಿದಳು. ಹಂಡೆಯ ತಳದಿಂದ ಒಂದು ಚಮಚ ಮೇಣ ತೆಗೆದು, ಬಿಸಿ ದ್ರಾವಕದಲ್ಲಿ ಮೇಣವನ್ನು ಕರಗಿಸಿ, ಉಳಿದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದವಳು ಸರಿದು ಮೀಸೆಯಣ್ಣನಿಗೆ ಜಾಗ ಕೊಟ್ಟಳು.

ಅವರು ಒಂದು ಕಣ್ಣು ಮುಚ್ಚಿ ಬಗ್ಗಿದರು. "ಎಲ್ಲಾ ಗುಂಡುಗುಂಡಾಗಿವೆ! ಏನಕ್ಕಾ, ಏಟು ತಿಂದು ಮೈ ಊದಿದೆಯಾ?"

"ಊದಿಲ್ಲ. ಮೂಲೆಗಳು ಹೋಗಿವೆ." ಅತ್ತೆ ಮತ್ತೊಮ್ಮೆ ಬಗ್ಗಿ ನೋಡಿದಳು. "ಹಾಕಿದಾಗ ಒಡೆದ ಸಕ್ಕರೆ ಹರಳಿನ ಹಾಗಿದ್ದವು, ಚೂಪುಚೂಪು. ಉದುರಿದ್ದೆಲ್ಲಾ ಆ ಚೂಪು. ಒಳಗಿನದು ಇಡಿಯಾಗಿದೆ. ಇನ್ನು ಉದುರೋಕೆ ಏನೂ ಇಲ್ಲ."

"ಹಾಗಾದ್ರೆ ನಾನು ಮೆಲ್ಲಗೆ ಮಾಡಿದಾಗ..."

"ಮೂಲೆಗಳು ಹಾಗೇ ಉಳಿದಿದ್ವು. ಗೋಪುರಕ್ಕೆ ಹೋದ ಮೊದಲ ವಾರವೇ ಉದುರಿ ಎಲ್ಲರ ಎದೆ ಒಡೆಸ್ತಿದ್ವು."

ಮೇಣ ದಿನೇ ದಿನೇ ತಿಳಿಯಾಯಿತು. ಮೊದಲಿನಷ್ಟು ಬಿಳಿಯಲ್ಲ, ಹಳೆಯ ದಂತದ ಬಣ್ಣ. ಅಲ್ಲಿಗೆ ನಿಂತಿತು. ಅದರಾಚೆ ಬೆಳ್ಳಗಾಗಲೂ ಇಲ್ಲ, ಮಸುಕಾಗಲೂ ಇಲ್ಲ.

ಅತ್ತೆಯ ಕೊನೆಯ ವಾರದಲ್ಲಿ ಗೋಪುರದ ಎಂಜಿನಿಯರು ಬಂದರು, ಹೆಚ್ಚು ಮಾತಿಲ್ಲದ ಹೆಂಗಸು. ಹಿಂದಿನ ಸಲದ ಬಿಳಿ ತಟ್ಟೆಗಳನ್ನು ನೋಡಿ "ಸಂತೋಷ" ಎಂದಷ್ಟೇ ಹೇಳಿ ಹೋಗಿದ್ದವರು. ಈ ಸಲ ಸಾಲಿನ ಉದ್ದಕ್ಕೂ ನಡೆದು, ನಡುವಿನ ಕಪ್ಪು ತಟ್ಟೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಧೂಳು ಎಷ್ಟು ಸಣ್ಣದು ಎಂದು ಒಂದೊಂದಾಗಿ ಕೇಳಿದರು. ಅತ್ತೆ ಹೇಳುತ್ತ ಹೋದಳು. ಮೊದಲ ಸಲ ಏನಾಗಿತ್ತು ಎಂಬುದನ್ನೂ ಬಿಡಲಿಲ್ಲ.

"ಹಾಗಿದ್ರೆ ಶುರುವಿನ ಕಪ್ಪು ಮೇಣ ಬೇರೆ ಕಡೆ ಹರಿಸೋಕೆ ನಾವೊಂದು ಕೊಳವೆ ಹಾಕ್ಕೋಬೇಕು," ಎಂದು ಆಕೆ ಎದ್ದರು. "ಅಥವಾ ಪುಡೀನ ಮೊದ್ಲೇ ಒಂದು ಡ್ರಮ್ಮಿನಲ್ಲಿ ಉರುಳಿಸಿ ಮೂಲೆ ತೆಗೆದು ಕೊಡೋಕಾಗುತ್ತಾ?"

ಕೊಳವೆಯ ಮಾತಾಡುತ್ತಿದ್ದಾರೆ ಎಂದರೆ ಪುಡಿ ಗೋಪುರಕ್ಕೆ ಹೋಗುತ್ತದೆ ಎಂದೇ ಅರ್ಥ. ಅತ್ತೆಗೆ ಅದು ತಕ್ಷಣ ಹೊಳೆಯಲಿಲ್ಲ. ಡ್ರಮ್ಮು ಯಾವ ಅಳತೆಯದಿರಬೇಕು ಎಂದು ಲೆಕ್ಕ ಹೇಳುತ್ತಲೇ ಇದ್ದಳು. ಹಿಂದಿನಿಂದ ಮೀಸೆಯಣ್ಣ, "ಮೇಡಂ, ಉಸಿರು ತಗೊಳ್ಳಿ, ಅವರು ಒಪ್ಪಿದ್ದಾರೆ," ಅಂದ ಮೇಲೆ ಮಾತು ನಿಲ್ಲಿಸಿ ಸ್ಟೂಲಿಗಾಗಿ ಕೈಯಾಡಿಸಿದಳು.

ಎಂಜಿನಿಯರು ಹೋದ ಮೇಲೆ ಹಂಡೆಯನ್ನು ಆರಿಸುವ ಕೆಲಸ ಉಳಿದಿತ್ತು. ಮಧ್ಯಾಹ್ನದ ಬಿಸಿಲು ತಟ್ಟೆಗಳ ಸಾಲಿನ ಮೇಲೆ ಬಿದ್ದಿತ್ತು. ಅನಿಲದ ತಿರುಪನ್ನು ಅತ್ತೆಯೇ ಮುಚ್ಚಿದಳು. ಹಂಡೆಯ ಕಾವನ್ನು ಇಳಿಸಿದಳು. ಮೀಸೆಯಣ್ಣ ವೇಗದ ಗುಂಡಿಯ ಮುಂದೆ ಬಂದು ನಿಂತು, ಜೇಬಿನಿಂದ ಕೈ ತೆಗೆಯದೆ ಅವಳನ್ನು ನೋಡಿದರು.

"ಈಗ ಮೆಲ್ಲಗೆ ಮಾಡ್ಲಾ ಅಕ್ಕಾ?"

"ಈಗ ಮಾಡಿ."

ಅವರು ಬಹಳ ನಿಧಾನವಾಗಿ ಗುಂಡಿ ತಿರುಗಿಸಿದರು. ಒಳಗಿನ ಸದ್ದು ಇಳಿಯುತ್ತ ಹೋಯಿತು. "ಆಯ್ತು, ಆಯ್ತಮ್ಮಾ, ಮುಗೀತು," ಎಂದು ಅವರು ಹಂಡೆಯ ಮೈಮೇಲೆ ಅಂಗೈ ಇಟ್ಟರು, ಬಿಸಿ ತಾಗಿ ತಟ್ಟನೆ ತೆಗೆದರು. ಅತ್ತೆ ನಕ್ಕಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಆ ನಗು ಅಳುವಾಗುವ ತನಕ, ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು.